ರೆಕ್ಕೆಯ ಲೆಕ್ಕ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ವಿಮಾನದ ರೆಕ್ಕೆಯನ್ನು ಕುರಿತು ಲೇಖನ ಬರೆಯುವುದೆಂದರೆ ಸಂಗೀತ ವಿದ್ವಾಂಸರು ಕುಸ್ತಿಯ ಪಟ್ಟುಗಳನ್ನು ಕುರಿತು ಭಾಷಣ ಮಾಡಿದ ಹಾಗಾದೀತು ಎಂದು ಮಿತ್ರರೊಬ್ಬರು ನನ್ನನ್ನು ಮೊದಲೇ ಎಚ್ಚರಿಸಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ನನಗೂ ಗಣಿತಕ್ಕೂ ಇದ್ದ ನಂಟು ಹೈಸ್ಕೂಲಿನಲ್ಲಿಯೇ ಕಡಿದುಹೋಯಿತು. ಆದರೂ ಕಳೆದ ವರ್ಷದ ನನ್ನ ಬಿಡುವಿನ ವೇಳೆಯೆಲ್ಲ ಒಂದು ಮಾದರಿ ವಿಮಾನದ ರೆಕ್ಕೆಯನ್ನು ಕಂಪ್ಯೂಟರಿನಲ್ಲಿ ರಚಿಸುವುದರಲ್ಲಿ ಕಳೆಯಿತು. ರಚಿಸಿದ್ದನ್ನು ಕಡ್ಡಿ ಕಾಗದಗಳಿಂದ ಕಟ್ಟಿದೆ, ಕಟ್ಟಿದ್ದನ್ನು ಹಾರಿಸಿದೆ, ಹಾರಿಸಿದ್ದು ಬಿತ್ತು. ಬಿದ್ದ ಮೇಲೆ ನನಗೆ ಮೂಡಿದ ಒಂದು ಅಭಿಪ್ರಾಯವನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ಯಾರಾಮೆಟ್ರಿಕ್ ವಿನ್ಯಾಸವೆಂದು ಕರೆಯಲ್ಪಡುವ ಈ ವಿದ್ಯೆ ಎಂಜಿನಿಯರಿಂಗ್ ಕಾಲೇಜುಗಳ ಸೊತ್ತೆಂದು ನಾವು ದೂರ ನಿಲ್ಲಬೇಕಾಗಿಲ್ಲ. ನಮ್ಮಂತಹ ಕಲಾ ಕಾಲೇಜಿನಲ್ಲಿಯೂ ಅದಕ್ಕೆ ಸ್ಥಳವಿರಬೇಕು. ಏಕೆಂದರೆ ಅದು ಕಲಿಸುವುದು ಚಿತ್ರ ಬರೆಯುವುದನ್ನಲ್ಲ. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಯೋಚಿಸುವುದನ್ನು. ಆದರೆ ಹಾಗೆ ಕಲಿಸುವಾಗ ಪಾಠವು ಪರದೆಯ ಮುಂದೆಯೇ ಮುಗಿಯಬಾರದು, ಮೈದಾನದವರೆಗೂ ಹೋಗಬೇಕು. ಈ ಎರಡು ಮಾತುಗಳನ್ನು ಸಮರ್ಥಿಸಲು ನನ್ನ ರೆಕ್ಕೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಮಾದರಿ ವಿಮಾನದ ರೆಕ್ಕೆಯೆಂದರೆ ಒಂದು ಹಲಗೆಯಲ್ಲ. ಒಳಗೆ ಉದ್ದಕ್ಕೆ ಒಂದು ಬೆನ್ನೆಲುಬಿನ ಕಡ್ಡಿ. ಅದಕ್ಕೆ ಅಡ್ಡಲಾಗಿ ಸಾಲಾಗಿ ನಿಂತ ಪಕ್ಕೆಲುಬುಗಳು. ಮೇಲೆ ತೆಳುವಾದ ಕಾಗದದ ಹೊದಿಕೆ. ಪಕ್ಕೆಲುಬಿನ ಆಕಾರವೇ ರೆಕ್ಕೆಯ ಅಡ್ಡಕೊಯ್ತದ ಆಕಾರ. ಮುಂದಂಚು ದುಂಡಗೆ, ಹಿಂದಂಚು ಚೂಪಾಗಿ, ಬೆನ್ನು ಬಾಗಿಕೊಂಡು, ಅದು ಒಂದು ಮೀನಿನ ಪಾರ್ಶ್ವನೋಟದಂತೆ ಕಾಣುತ್ತದೆ. ರೆಕ್ಕೆಯು ಬುಡದಲ್ಲಿ ಅಗಲವಾಗಿದ್ದು ತುದಿಯ ಕಡೆಗೆ ಕಿರಿದಾಗುತ್ತ ಹೋದರೆ, ಒಂದು ಪಕ್ಕೆಲುಬಿನಂತೆ ಇನ್ನೊಂದಿರುವುದಿಲ್ಲ. ಹಿಂದಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬುಡದ ಆಕಾರವನ್ನೂ ತುದಿಯ ಆಕಾರವನ್ನೂ ಗಟ್ಟಿಯಾದ ಪ್ಲೈವುಡ್ಡಿನಲ್ಲಿ ಕತ್ತರಿಸಿ, ಅವೆರಡರ ನಡುವೆ ಬಾಲ್ಸಾ ಮರದ ತೆಳುಹಲಗೆಗಳನ್ನು ಒತ್ತಾಗಿ ಜೋಡಿಸಿ, ಬಿಗಿದು, ಉಜ್ಜುಕಾಗದದಿಂದ ಎರಡೂ ಆಕಾರಗಳು ಒಂದಕ್ಕೊಂದು ಕೂಡುವವರೆಗೆ ಉಜ್ಜುವುದು. ಉಪಾಯವೇನೋ ಸೊಗಸಾದದ್ದೇ. ಆದರೆ ಕಟ್ಟಿದ ಮೇಲೆ ರೆಕ್ಕೆ ಬೆರಳಗಲ ಹೆಚ್ಚಾಗಿದ್ದರೆ ಚೆನ್ನಾಗಿತ್ತು ಎನ್ನಿಸಿದರೆ, ಮತ್ತೆ ಮೊದಲಿನಿಂದ ಉಜ್ಜಬೇಕು.

ಕಂಪ್ಯೂಟರಿನಲ್ಲಿ ಚಿತ್ರ ಬರೆದ ಮಾತ್ರಕ್ಕೆ ಈ ಕಷ್ಟ ತಪ್ಪುವುದಿಲ್ಲ. ಪೆನ್ಸಿಲಿನ ಬದಲು ಇಲಿಯನ್ನು ಹಿಡಿದು ಎಳೆದ ಗೆರೆಯೂ ಗೆರೆಯೇ. ಅದನ್ನೂ ಅಳಿಸಿಯೇ ತಿದ್ದಬೇಕು. ಪ್ಯಾರಾಮೆಟ್ರಿಕ್ ವಿಧಾನದ ಹೆಚ್ಚುಗಾರಿಕೆ ಬೇರೆಡೆಯಲ್ಲಿದೆ. ಅಲ್ಲಿ ಗೆರೆಗೆ ಅಳತೆಯನ್ನು ಕೊಡುವುದಿಲ್ಲ; ಅಳತೆಗೆ ಹೆಸರನ್ನು ಕೊಡುತ್ತೇವೆ. ಹರವು, ಬುಡದ ಅಗಲ, ತುದಿಯ ಅಗಲ, ಪಕ್ಕೆಲುಬುಗಳ ನಡುವಣ ಅಂತರ, ಹೀಗೆ ನಾಲ್ಕಾರು ಹೆಸರುಗಳನ್ನು ಮೊದಲು ಬರೆದಿಟ್ಟು, ಉಳಿದುದೆಲ್ಲವನ್ನೂ ಅವುಗಳ ಸಂಬಂಧದಿಂದ ಹೇಳುತ್ತೇವೆ. ‘ಐದನೆಯ ಪಕ್ಕೆಲುಬು 150 ಮಿ.ಮೀ.’ ಎಂದು ಬರೆಯದೆ, ‘ಪ್ರತಿಯೊಂದು ಪಕ್ಕೆಲುಬೂ ಬುಡದಿಂದ ತಾನು ಎಷ್ಟು ದೂರವೋ ಅದಕ್ಕೆ ತಕ್ಕಂತೆ ಕಿರಿದಾಗತಕ್ಕದ್ದು’ ಎಂದು ಬರೆಯುತ್ತೇವೆ. ಬುಡದ ಅಗಲವೊಂದನ್ನು ಬದಲಾಯಿಸಿದರೆ ಎಲ್ಲ ಪಕ್ಕೆಲುಬುಗಳೂ ಒಟ್ಟಿಗೆ ಬದಲಾಗುತ್ತವೆ.

ಈ ಕಲ್ಪನೆ ಕಂಪ್ಯೂಟರಿಗಿಂತ ಹಳೆಯದೆಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅಮೆರಿಕದ ನಾಕಾ ಎಂಬ ಸರ್ಕಾರಿ ವಿಮಾನಶಾಸ್ತ್ರ ಸಂಸ್ಥೆಯು 1933ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಒಂದಕ್ಕೊಂದು ಸಂಬಂಧವುಳ್ಳ 78 ರೆಕ್ಕೆಯಾಕಾರಗಳನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿ ಬರೆದ ವರದಿಯದು. ಆ ಆಕಾರಗಳಿಗೆ ಅವರು ಇಟ್ಟ ಹೆಸರುಗಳು ನಾಲ್ಕು ಅಂಕಿಗಳು ಮಾತ್ರ. ಉದಾಹರಣೆಗೆ 4412 ಎಂಬುದನ್ನು ತೆಗೆದುಕೊಳ್ಳಿ. ಮೊದಲನೆಯ 4 ಎಂದರೆ ಬೆನ್ನಿನ ಬಾಗು ಅಗಲದ ಶೇಕಡಾ 4. ಎರಡನೆಯ 4 ಎಂದರೆ ಆ ಬಾಗು ಅತ್ಯಧಿಕವಾಗಿರುವುದು ಮುಂದಂಚಿನಿಂದ ಹತ್ತರಲ್ಲಿ ನಾಲ್ಕು ಪಾಲು ದೂರದಲ್ಲಿ. ಕೊನೆಯ 12 ಎಂದರೆ ದಪ್ಪ ಅಗಲದ ಶೇಕಡಾ 12. ಅಂದಮೇಲೆ 180 ಮಿ.ಮೀ. ಅಗಲದ ಪಕ್ಕೆಲುಬಿಗೆ ಬಾಗು 7.2 ಮಿ.ಮೀ., ಅದರ ಸ್ಥಾನ 72 ಮಿ.ಮೀ., ದಪ್ಪ 21.6 ಮಿ.ಮೀ. ಆಯಿತು. ಅಗಲ 120 ಆದರೆ ಅವು 4.8, 48, 14.4. ಹೆಸರೇ ಲೆಕ್ಕ, ಲೆಕ್ಕವೇ ಆಕಾರ. ಆಗ ಕಂಪ್ಯೂಟರಿರಲಿಲ್ಲ, ಕೈಯಿಂದಲೇ ಗುಣಿಸಿ ಗೆರೆ ಎಳೆಯುತ್ತಿದ್ದರು.

ಇಷ್ಟನ್ನು ಓದಿದಾಗ ನನಗೆ ನೆನಪಾದದ್ದು ಛಂದಸ್ಸಿನ ತರಗತಿ. ವಾಚಕರು ನಗಬಾರದು. ನಮ್ಮ ಷಟ್ಪದಿಯ ಲಕ್ಷಣವನ್ನೇ ನೋಡಿ: ಒಂದು, ಎರಡು, ನಾಲ್ಕು, ಐದನೆಯ ಪಾದಗಳು ಸಮ, ಮೂರು ಮತ್ತು ಆರನೆಯ ಪಾದಗಳು ಮೊದಲ ಪಾದದ ಒಂದೂವರೆಯಷ್ಟು, ಕೊನೆಯಲ್ಲೊಂದು ಗುರು. ಶರ ಷಟ್ಪದಿಯ ಮೊದಲ ಪಾದಕ್ಕೆ 8 ಮಾತ್ರೆ, ಮೂರನೆಯದಕ್ಕೆ 14. ಕುಸುಮಕ್ಕೆ 10, 17. ಭೋಗಕ್ಕೆ 12, 20. ಭಾಮಿನಿಗೆ 14, 23. ಪರಿವರ್ಧಿನಿಗೆ 16, 26. ವಾರ್ಧಕಕ್ಕೆ 20, 32. ಪರೀಕ್ಷೆಯ ಹಿಂದಿನ ರಾತ್ರಿ ಈ ಹನ್ನೆರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿ ಬೆಳಿಗ್ಗೆ ಮರೆತವರು ನಮ್ಮಲ್ಲಿ ಅನೇಕರಿದ್ದೇವೆ. ಆದರೆ ನೆನಪಿಡಬೇಕಾದದ್ದು ಹನ್ನೆರಡು ಸಂಖ್ಯೆಗಳನ್ನಲ್ಲ, ಒಂದು ಸಂಬಂಧವನ್ನು: ಮೊದಲ ಪಾದಕ್ಕೆ ಅದರ ಅರ್ಧ ಸೇರಿಸು, ಮೇಲೆ ಎರಡು ಮಾತ್ರೆಯ ಗುರುವನ್ನಿಡು. ಗಣಗಳ ವಿಭಾಗ ಬೇರೆ ಇದ್ದೇ ಇದೆ. ಅಳತೆಯ ಮಟ್ಟಿಗೆ ಆರು ಷಟ್ಪದಿಗಳೂ ಒಂದೇ ಸೂತ್ರದ ಮಕ್ಕಳು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಪಾದ ಎಷ್ಟೇ ಹಿಗ್ಗಲಿ ಕುಗ್ಗಲಿ, ಕೊನೆಯ ಗುರು ಮಾತ್ರ ಎರಡೇ ಮಾತ್ರೆ. ಅದು ಪಾದದೊಡನೆ ಬೆಳೆಯುವುದಿಲ್ಲ. ನನ್ನ ರೆಕ್ಕೆಯಲ್ಲಿಯೂ ಅಂಥದೊಂದು ಇತ್ತು. ಬೆನ್ನೆಲುಬಿನ ಕಡ್ಡಿ ಬುಡದಿಂದ ತುದಿಯವರೆಗೆ 6 ಮಿ.ಮೀ. ಚೌಕದ್ದು. ಪಕ್ಕೆಲುಬು ಕಿರಿದಾದಂತೆ ಕಡ್ಡಿ ತೂರುವ ಗಾಡಿಯೂ ಕಿರಿದಾಗುತ್ತ ಹೋದರೆ, ತುದಿಯಲ್ಲಿ ಕಡ್ಡಿಯೇ ಹೋಗುವುದಿಲ್ಲ. ಯಾವುದು ಬದಲಾಗಬೇಕು, ಯಾವುದು ಸ್ಥಿರವಾಗಿರಬೇಕು, ಯಾವುದು ಯಾವುದರ ಹಿಂದೆ ನಡೆಯಬೇಕು ಎಂಬುದನ್ನು ನಿರ್ಧರಿಸುವುದೇ ವಿನ್ಯಾಸಕಾರನ ನಿಜವಾದ ಕೆಲಸ. ಉಳಿದುದು ಗುಣಾಕಾರ, ಅದನ್ನು ಯಂತ್ರ ಮಾಡುತ್ತದೆ.

ಯಂತ್ರಕ್ಕೆ ಈ ಬಗೆಯ ಸಂಬಂಧಗಳನ್ನು ಹೇಳಿಕೊಡಬಹುದೆಂದು ಮೊದಲು ತೋರಿಸಿದವರಲ್ಲಿ ಐವಾನ್ ಸದರ್ಲೆಂಡ್ ಮುಖ್ಯರು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಗೆ ಒಪ್ಪಿಸಿದ ಪ್ರಬಂಧಕ್ಕಾಗಿ ಅವರು ಸಿದ್ಧಪಡಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಏರ್ಪಾಡಿನಲ್ಲಿ, ಈ ಗೆರೆ ಆ ಗೆರೆಗೆ ಸಮಾನಾಂತರವಾಗಿರಲಿ, ಇದರಷ್ಟೇ ಅದೂ ಉದ್ದವಿರಲಿ ಎಂದು ಅಪ್ಪಣೆ ಕೊಡಬಹುದಾಗಿತ್ತು; ಯಂತ್ರವು ಚಿತ್ರವನ್ನು ಆ ಅಪ್ಪಣೆಗೆ ತಕ್ಕಂತೆ ಸರಿಪಡಿಸುತ್ತಿತ್ತು. ಅದು ಕಾರ್ಖಾನೆಗಳ ಮೇಜಿನವರೆಗೆ ಬರಲು ಕಾಲು ಶತಮಾನ ಹಿಡಿಯಿತು. 1988ರಲ್ಲಿ ಬಂದ ‘ಪ್ರೊ-ಎಂಜಿನಿಯರ್’ ಎಂಬ ತಂತ್ರಾಂಶದಿಂದ ಆ ಪದ್ಧತಿ ಉದ್ಯಮದಲ್ಲಿ ಬೇರೂರಿತು. ಅಂಥ ತಂತ್ರಾಂಶಗಳ ಬೆಲೆ ನಮ್ಮಂಥವರ ಕೈಗೆಟುಕುವುದಲ್ಲ. ಆದರೆ ಈಗ ಫ್ರೀಕ್ಯಾಡ್, ಓಪನ್‌ಎಸ್‌ಕ್ಯಾಡ್ ಮುಂತಾದವು ಯಾರು ಬೇಕಾದರೂ ಕಾಸಿಲ್ಲದೆ ಬಳಸುವಂತೆ ದೊರೆಯುತ್ತವೆ. ನಾನು ಹಿಡಿದದ್ದು ಓಪನ್‌ಎಸ್‌ಕ್ಯಾಡನ್ನು. ಅದರಲ್ಲಿ ಗೆರೆಯನ್ನೇ ಎಳೆಯುವಂತಿಲ್ಲ. ವಾಕ್ಯದಂತೆ ಬರೆಯಬೇಕು, ಬರೆದುದನ್ನು ಅದು ಆಕಾರವಾಗಿ ತೋರಿಸುತ್ತದೆ. ಬರೆಯುವುದನ್ನು ಬಿಟ್ಟು ಬೇರೇನೂ ಅರಿಯದ ಕಲಾ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲವೇನು ಬೇಕು?

ನನ್ನ ಮೊದಲನೆಯ ರೆಕ್ಕೆಯ ಹರವು 900 ಮಿ.ಮೀ.; ಬುಡದಲ್ಲಿ 150, ತುದಿಯಲ್ಲಿ 100. ಪಕ್ಕೆಲುಬುಗಳ ಆಕಾರವನ್ನು ಕಾಗದದ ಮೇಲೆ ಮುದ್ರಿಸಿ, ಬಾಲ್ಸಾ ಹಲಗೆಗೆ ಅಂಟಿಸಿ, ಬ್ಲೇಡಿನಿಂದ ಕತ್ತರಿಸಿದೆ. ಅಲ್ಲಿಯೂ ಒಂದು ಪಾಠವಾಯಿತು. ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿದಾಗ, ಹಾಳೆಯೊಳಗೆ ಅಂದವಾಗಿ ಕೂರಲೆಂದು ಯಂತ್ರವು ಚಿತ್ರವನ್ನು ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿತ್ತು. ನನ್ನ ಕಣ್ಣಿಗೆ ಅದು ಬೀಳಲಿಲ್ಲ. 6 ಮಿ.ಮೀ. ಕಡ್ಡಿ ತನ್ನ ಗಾಡಿಯೊಳಗೆ ಹೋಗಲಾರೆನೆಂದು ಹಟ ಹಿಡಿದಾಗಲೇ ಗುಟ್ಟು ಹೊರಬಿದ್ದದ್ದು. ಅಂದಿನಿಂದ ಪ್ರತಿಯೊಂದು ಹಾಳೆಯ ಮೂಲೆಯಲ್ಲಿಯೂ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆಯನ್ನು ಸೇರಿಸಿ, ಮುದ್ರಿಸಿದೊಡನೆ ಸ್ಕೇಲಿಟ್ಟು ನೋಡುತ್ತೇನೆ. ಅಂತೂ ಎರಡನೆಯ ಸಲ ಎಲ್ಲವೂ ಕೂಡಿಕೊಂಡಿತು. ವಿಮಾನ ಕೈಯಿಂದ ಬಿಟ್ಟೊಡನೆ ನೆಟ್ಟಗೆ ತೇಲಿ, ಮೈದಾನದ ನಡುವೆ ಮೆಲ್ಲನೆ ಇಳಿಯಿತು. ಆ ದಿನ ನನಗೆ ಊಟ ಸೇರಲಿಲ್ಲ, ಸಂತೋಷಕ್ಕೆ.

ಆಸೆಗೆ ಮಿತಿಯುಂಟೇ? ಇನ್ನೂ ದೊಡ್ಡದು ಬೇಕೆನಿಸಿತು. ಹರವನ್ನು 1200 ಎಂದೂ, ಬುಡವನ್ನು 180 ಎಂದೂ, ತುದಿಯನ್ನು 120 ಎಂದೂ ತಿದ್ದಿದೆ. ಮೂರೇ ಸಂಖ್ಯೆಗಳು! ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೊಂದು ಬದಿಗೆ ಏಳು ಪಕ್ಕೆಲುಬುಗಳಿದ್ದ ಕಡೆ ಒಂಬತ್ತು ನಿಂತವು. ಪ್ರತಿಯೊಂದೂ ಹಿಂದಿನದಕ್ಕಿಂತ ಏಳೂವರೆ ಮಿ.ಮೀ. ಕಿರಿದು, ಗಾಡಿ ಮಾತ್ರ ಎಲ್ಲದರಲ್ಲಿಯೂ 6. ಕಂಪ್ಯೂಟರ್ ಕೊಠಡಿಯಲ್ಲಿದ್ದ ಗೆಳೆಯರು ಚಪ್ಪಾಳೆ ತಟ್ಟಿದರು. ರೆಕ್ಕೆಯನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ತೋರಿಸಿದೆ. ಮನೆಯಲ್ಲಿ ಕಟ್ಟಿ ಮುಗಿಸುವ ಹೊತ್ತಿಗೆ, ಏಳನೆಯ ತರಗತಿಯಲ್ಲಿ ಓದುವ ನನ್ನ ತಮ್ಮ ಅದನ್ನು ಸುತ್ತಿ ನೋಡಿ, “ಅಣ್ಣ, ರೆಕ್ಕೆ ಇಷ್ಟು ದೊಡ್ಡದಾಯ್ತು, ಬಾಲ ಅಷ್ಟೇ ಇದೆಯಲ್ಲ?” ಎಂದ.

“ನಿನಗೆ ಗೊತ್ತಾಗಲ್ಲ, ಸುಮ್ಮನಿರೋ. ಎಲ್ಲಾ ಲೆಕ್ಕ ಹಾಕಿ ಮಾಡಿರೋದು,” ಎಂದೆ.

“ಗಾಳಿಪಟ ದೊಡ್ಡದು ಮಾಡಿದ್ರೆ ಬಾಲಂಗೋಚಿನೂ ಉದ್ದ ಮಾಡ್ಬೇಕು,” ಎಂದು ಗೊಣಗಿಕೊಂಡು ಅವನು ಹೊರಟುಹೋದ.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ವಿಮಾನವನ್ನು ಕೈಬಿಟ್ಟೆ. ಅದು ಮೂಗನ್ನು ಮೇಲಕ್ಕೆತ್ತಿತು. ಎತ್ತಿದ ಮೂಗನ್ನು ಇಳಿಸುವ ಬದಲು ಇನ್ನೂ ಎತ್ತಿತು. ಗಾಳಿಯಲ್ಲಿ ಒಂದು ಗಳಿಗೆ ನಿಂತಂತಾಗಿ, ತಲೆಕೆಳಗಾಗಿ ನೆಲಕ್ಕೆ ಬಡಿಯಿತು. ಮೂರು ವಾರಗಳ ಕೆಲಸ ಮೂರು ಕ್ಷಣಗಳಲ್ಲಿ ಮುಗಿಯಿತು.

ಆಮೇಲೆ ಕುಳಿತು ಲೆಕ್ಕ ಮಾಡಿದೆ. ವಿಮಾನದ ಮೂಗು ಏಳದಂತೆ, ಬೀಳದಂತೆ ತಡೆಯುವುದು ಬಾಲದ ರೆಕ್ಕೆ. ಅದರ ಹಿಡಿತವನ್ನು ಅಳೆಯಲು ಒಂದು ಸರಳ ಕ್ರಮವುಂಟು: ಬಾಲರೆಕ್ಕೆಯ ವಿಸ್ತೀರ್ಣವನ್ನು ಮುಖ್ಯ ರೆಕ್ಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿ, ಬಂದದ್ದನ್ನು ಮುಖ್ಯ ರೆಕ್ಕೆಯ ವಿಸ್ತೀರ್ಣ ಮತ್ತು ಅದರ ಸರಾಸರಿ ಅಗಲಗಳ ಗುಣಲಬ್ಧದಿಂದ ಭಾಗಿಸಬೇಕು. ಇಂಥ ಮಾದರಿಗಳಿಗೆ ಉತ್ತರ ಸುಮಾರು ಅರ್ಧ ಬಂದರೆ ಕ್ಷೇಮ. ನನ್ನ ಮೊದಲ ವಿಮಾನದ ಬಾಲ 180 ಚದರ ಸೆಂ.ಮೀ., ದೂರ 40 ಸೆಂ.ಮೀ.; ರೆಕ್ಕೆ 1125 ಚದರ ಸೆಂ.ಮೀ., ಸರಾಸರಿ ಅಗಲ ಹನ್ನೆರಡೂ ಮುಕ್ಕಾಲು ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಉತ್ತರ 0.5. ಎರಡನೆಯದರಲ್ಲಿ ರೆಕ್ಕೆ 1800 ಚದರ ಸೆಂ.ಮೀ.ಗೆ ಏರಿತ್ತು, ಸರಾಸರಿ ಅಗಲ 15.2ಕ್ಕೆ ಏರಿತ್ತು, ಬಾಲ ಮಾತ್ರ ಅದೇ 180. ಉತ್ತರ 0.26. ಹಿಡಿತ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. 342 ಚದರ ಸೆಂ.ಮೀ. ಬಾಲ ಬೇಕಾಗಿದ್ದ ಕಡೆ ನಾನು 180 ಇಟ್ಟಿದ್ದೆ.

ತಪ್ಪು ಎಲ್ಲಿ? ಪಕ್ಕೆಲುಬುಗಳನ್ನೆಲ್ಲ ಸಂಬಂಧದಿಂದ ಬರೆದವನು, ಬಾಲವನ್ನು ಮಾತ್ರ ಸಂಖ್ಯೆಯಾಗಿ ಬರೆದಿದ್ದೆ. ಯಂತ್ರ ನಾನು ಹೇಳಿದ ಸಂಬಂಧಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿತು. ನಾನು ಹೇಳಲು ಮರೆತ ಸಂಬಂಧದ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಪರದೆಯ ಮೇಲಣ ರೆಕ್ಕೆ ಎಷ್ಟು ಸುಂದರವಾಗಿತ್ತೆಂದರೆ, ಅದರ ಹಿಂದೆ ಒಂದು ತಪ್ಪು ಇದ್ದೀತೆಂಬ ಸಂದೇಹವೇ ನನಗೆ ಬರಲಿಲ್ಲ. ಗಾಳಿಪಟ ಹಾರಿಸಿದ ಹುಡುಗನಿಗೆ ಬಂತು.

ಈ ಅನುಭವದ ನಂತರ ನನ್ನ ಇತಿಹಾಸದ ಪುಸ್ತಕವೂ ನನಗೆ ಬೇರೆಯಾಗಿ ಕಾಣತೊಡಗಿದೆ. ಬೆಳೆಯ ಆರನೆಯ ಒಂದು ಭಾಗ ಎಂದು ಧರ್ಮಶಾಸ್ತ್ರಗಳು ಹೇಳುವ ಕಂದಾಯ ಒಂದು ಸಂಬಂಧ. ಇಂತಿಷ್ಟು ರೂಪಾಯಿ ಎಂದು ನಗದಿನಲ್ಲಿ ಗೊತ್ತುಪಡಿಸಿದ ಕಂದಾಯ ಒಂದು ಸಂಖ್ಯೆ. ಮಳೆ ಹೋದ ವರ್ಷ ಮೊದಲನೆಯದು ಬೆಳೆಯೊಡನೆ ತಾನಾಗಿ ಇಳಿಯುತ್ತದೆ. ಎರಡನೆಯದು, ಯಾರಾದರೂ ಮನಸ್ಸು ಮಾಡಿ ಇಳಿಸದ ಹೊರತು, ಇಳಿಯುವುದಿಲ್ಲ. ಯಾವ ಪದ್ಧತಿ ಲೇಸು ಎಂಬ ವಾದಕ್ಕೆ ನಾನಿಲ್ಲಿ ಹೋಗುವುದಿಲ್ಲ, ಎರಡಕ್ಕೂ ಗುಣದೋಷಗಳುಂಟು. ಆದರೆ ಒಂದು ಅಂಕಿಯನ್ನು ಕಂಡಾಗ ‘ಇದು ಯಾವುದರ ಹಿಂದೆ ನಡೆಯಬೇಕಾಗಿತ್ತು?’ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಅರ್ಥಶಾಸ್ತ್ರದ ತರಗತಿಯಲ್ಲಲ್ಲ, ಮುರಿದ ರೆಕ್ಕೆಯ ಮುಂದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ನನ್ನ ಅಭಿಪ್ರಾಯಕ್ಕೆ ಮೂರು ಆಕ್ಷೇಪಣೆಗಳು ಬಂದಿವೆ. ಮೊದಲನೆಯದು ಹಿರಿಯ ಅಧ್ಯಾಪಕರೊಬ್ಬರದು: ಯಂತ್ರದಿಂದ ಕೈಯ ಕಸುಬು ಹಾಳಾಗುತ್ತದೆ, ತಲೆ ಮಂಕಾಗುತ್ತದೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿದಾಗ, ಅದರ ಹಿಂದೆ ಇಂದಿನ ಪರದೆಗಳಿರಲಿಲ್ಲ. ಚಿತ್ರದ ಹಲಗೆಯೂ ಕೈಯ ಲೆಕ್ಕವೂ ಇದ್ದವು. ಆದರೆ ಆ ಹಿರಿಯರ ದೊಡ್ಡತನ ಗೆರೆಯನ್ನು ನೆಟ್ಟಗೆ ಎಳೆದುದರಲ್ಲಿ ಮಾತ್ರ ಇತ್ತೇ? ರೆಕ್ಕೆಯನ್ನು ಮುಟ್ಟಿದರೆ ಬಾಲದ ಮಾತೇನು ಎಂಬುದು ಅವರ ತಲೆಯಲ್ಲಿ ಸದಾ ಇರುತ್ತಿತ್ತು. ಆ ತಲೆಯೊಳಗಿನ ಸಂಬಂಧವನ್ನು ಎಲ್ಲರೂ ಓದುವಂತೆ ಬರೆದಿಡುವುದಕ್ಕೆ ಈಗ ಒಂದು ಭಾಷೆ ದೊರೆತಿದೆ. ಬರೆಯದಿದ್ದರೆ ತಪ್ಪು ನಮ್ಮದು, ಭಾಷೆಯದಲ್ಲ.

ಎರಡನೆಯ ಆಕ್ಷೇಪಣೆ ಗೆಳೆಯರದು: ಸಿದ್ಧವಾದ ವಿಮಾನದ ನಕ್ಷೆಗಳು ಬೇಕಾದಷ್ಟು ದೊರೆಯುತ್ತಿರುವಾಗ ಈ ಒದ್ದಾಟವೇಕೆ? ಇದಕ್ಕೆ ರೈಟ್ ಸೋದರರೇ ಉತ್ತರ ಕೊಟ್ಟಿದ್ದಾರೆ. 1901ರಲ್ಲಿ ಅವರು ಕಟ್ಟಿದ ಗ್ಲೈಡರು ಲೆಕ್ಕದ ಪ್ರಕಾರ ಎತ್ತಬೇಕಾದ ಭಾರದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ಎತ್ತಿತು. ಗಾಳಿಯ ಒತ್ತಡದ ಲೆಕ್ಕಕ್ಕೆ ಎಲ್ಲರೂ ಬಳಸುತ್ತಿದ್ದ ಸ್ಮೀಟನ್ನರ ಗುಣಾಂಕ 18ನೆಯ ಶತಮಾನದಿಂದ ಬಂದದ್ದು. ಅದರ ಬೆಲೆ 0.005 ಎಂದು ಹಿಡಿಯುತ್ತಿದ್ದರು. ಸೋದರರು ತಾವೇ ಅಳೆದು ನೋಡಿದಾಗ ಅದು 0.0033ರ ಹತ್ತಿರ ಬಂತು. ಆ ಚಳಿಗಾಲದಲ್ಲಿ ಅವರು ಗಾಳಿಸುರಂಗವೊಂದನ್ನು ಕಟ್ಟಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಎರಡು ವರ್ಷಗಳ ನಂತರ, 1903ರಲ್ಲಿ, ಎಂಜಿನ್ ಕೂರಿಸಿದ ವಿಮಾನವನ್ನೇ ಹಾರಿಸಿದರು. ನೂರು ವರ್ಷಕ್ಕೂ ಮಿಕ್ಕು ಎಲ್ಲರೂ ನಂಬಿದ್ದ ಅಂಕಿಯೊಂದನ್ನು ಅವರು ಕಣ್ಣು ಮುಚ್ಚಿ ಸ್ವೀಕರಿಸಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ಇನ್ನೊಬ್ಬರ ನಕ್ಷೆಯನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಅದು ಯಾವ ಸಂದರ್ಭಕ್ಕೆ ಹೇಳಿದ್ದೆಂದು ತಿಳಿಯದೆ ಬಳಸಬಾರದು. ರೆಕ್ಕೆಯಾಕಾರದ ವಿಷಯವೇ ಇದಕ್ಕೆ ನಿದರ್ಶನ. ದೊಡ್ಡ ವಿಮಾನಕ್ಕೆ ಚೆನ್ನಾಗಿ ಒದಗುವ ಆಕಾರ ಪುಟ್ಟ ಮಾದರಿಗೆ ಒದಗದಿರಬಹುದು. ಚಿಕ್ಕ ರೆಕ್ಕೆ ನಿಧಾನವಾಗಿ ಹೋಗುವಾಗ ಗಾಳಿ ಅದಕ್ಕೆ ಹೆಚ್ಚು ಅಂಟಾದ ವಸ್ತುವಿನಂತೆ ವರ್ತಿಸುತ್ತದೆ. ಇದನ್ನು ಅಳೆಯುವುದು ರೆನಾಲ್ಡ್ಸ್ ಸಂಖ್ಯೆಯಿಂದ. ಅಗಲ 15 ಸೆಂ.ಮೀ., ವೇಗ ಸೆಕೆಂಡಿಗೆ 8 ಮೀಟರ್ ಆದರೆ ಅದು ಸುಮಾರು 80,000. ಜನರನ್ನು ಹೊರುವ ವಿಮಾನಗಳಲ್ಲಿ ಅದು ದಶಲಕ್ಷಗಳ ಲೆಕ್ಕ. ಜರ್ಮನಿಯ ಎಫ್. ಡಬ್ಲ್ಯು. ಸ್ಮಿಟ್ಸ್ ಅವರು 1942ರಲ್ಲಿಯೇ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು: ಈ ಕೆಳಮಟ್ಟದಲ್ಲಿ ದಪ್ಪ ರೆಕ್ಕೆಗಿಂತ ತೆಳುವಾದ, ಬಾಗಿದ ರೆಕ್ಕೆ ಮೇಲು. ಆದಕಾರಣ ನಾನು 4412ನ್ನು ಬಿಟ್ಟು 4409ಕ್ಕೆ ಬಂದೆ. ಬುಡದ ದಪ್ಪ 21.6ರಿಂದ 16.2 ಮಿ.ಮೀ.ಗೆ ಇಳಿಯಿತು. ಬದಲಾದದ್ದು ಒಂದು ಸಂಖ್ಯೆ. ಅದನ್ನು ಬದಲಾಯಿಸುವ ಮುಂಚೆ ಓದಬೇಕಾದದ್ದು ಬಹಳ.

ಮೂರನೆಯ ಆಕ್ಷೇಪಣೆ ಮನೆಯವರದು: ಇದರಿಂದ ಕೆಲಸ ಸಿಗುತ್ತದೆಯೇ? ಸಿಗುತ್ತದೆಂದು ಭರವಸೆ ಕೊಡುವ ಧೈರ್ಯ ನನಗಿಲ್ಲ. ಛಂದಸ್ಸಿನಿಂದಲೂ ಇತಿಹಾಸದಿಂದಲೂ ಕೆಲಸ ಸಿಗುತ್ತದೆಂದು ಭರವಸೆ ಕೊಟ್ಟು ಯಾರೂ ನನ್ನನ್ನು ಈ ಕಾಲೇಜಿಗೆ ಸೇರಿಸಲಿಲ್ಲ. ಸರಿಯಾಗಿ ಯೋಚಿಸುವುದನ್ನು ಕಲಿಯಲೆಂದು ಸೇರಿಸಿದರು. ಆ ಉದ್ದೇಶಕ್ಕೆ ರೆಕ್ಕೆ ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲ. ಮೇಲಾಗಿ, ಪಠ್ಯಪುಸ್ತಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಾರದಿದ್ದರೂ ತೇರ್ಗಡೆ. ಗಾಳಿಯ ಪರೀಕ್ಷೆಯಲ್ಲಿ ಆ ರಿಯಾಯಿತಿ ಇಲ್ಲ.

ಹೀಗಿರುವಲ್ಲಿ ನನ್ನ ವಿನಂತಿ ಚಿಕ್ಕದು. ನಮ್ಮ ಕಂಪ್ಯೂಟರ್ ಕೊಠಡಿಯನ್ನು ವಾರದಲ್ಲಿ ಎರಡು ಸಂಜೆ, ಬೆರಳಚ್ಚು ಮತ್ತು ಅರ್ಜಿ ತುಂಬುವುದಕ್ಕಲ್ಲದೆ, ಇಂಥ ಕೆಲಸಕ್ಕೂ ತೆರೆದಿಡಬೇಕು. ತಂತ್ರಾಂಶಕ್ಕೆ ಕಾಸು ಬೇಕಾಗಿಲ್ಲ. ಹಳೆಯ ಯಂತ್ರಗಳೂ ಇಷ್ಟು ಕೆಲಸವನ್ನು ಮಾಡಬಲ್ಲವು. ಮೊದಲ ಪಾಠವನ್ನು ಕನ್ನಡ ಅಧ್ಯಾಪಕರೇ ಷಟ್ಪದಿಯಿಂದ ಆರಂಭಿಸಬಹುದು. ಮೊದಲ ಪಾದದ ಮಾತ್ರೆಗಳಿಗೆ ಒಂದು ಹೆಸರಿಟ್ಟು, ಉಳಿದ ಐದು ಪಾದಗಳನ್ನು ಅದರಿಂದ ಹೇಳಿಸಿದರೆ, ಅರ್ಧ ಗಂಟೆಯಲ್ಲಿ ಇಡೀ ವಿಧಾನದ ಒಳಗುಟ್ಟು ತಿಳಿದುಹೋಗುತ್ತದೆ. ನಿಯಮ ಒಂದೇ ಒಂದಿರಲಿ: ಪರದೆಯ ಮೇಲಣ ಚಿತ್ರಕ್ಕೆ ಚಪ್ಪಾಳೆಯಾಗಲಿ ಬಹುಮಾನವಾಗಲಿ ಬೇಡ. ಕಟ್ಟಬೇಕು, ತೂಗಬೇಕು, ಮೈದಾನದಲ್ಲಿ ಎಲ್ಲರ ಮುಂದೆ ಕೈಬಿಡಬೇಕು, ಬಿದ್ದರೆ ಏಕೆ ಬಿತ್ತೆಂದು ಬರೆದು ಒಪ್ಪಿಸಬೇಕು. ಸೂತ್ರ ತಿಳಿದವರೆಲ್ಲ ಕುಮಾರವ್ಯಾಸರಾಗುವುದಿಲ್ಲ. ಭಾಮಿನಿಯ ಮಾತ್ರೆಗಳನ್ನು ಎಣಿಸಬಲ್ಲ ನಾವೆಲ್ಲರೂ ಬಲ್ಲ ಸತ್ಯವಿದು. ಸೂತ್ರಕ್ಕೆ ಸರಿಹೊಂದಿದ ಪದ್ಯ ಓದಿದಾಗ ನಿಲ್ಲಬೇಕು. ಸೂತ್ರಕ್ಕೆ ಸರಿಹೊಂದಿದ ರೆಕ್ಕೆ ಬಿಟ್ಟಾಗ ಹಾರಬೇಕು.

ಮುರಿದ ವಿಮಾನವನ್ನು ನಾನು ಮತ್ತೆ ಕಟ್ಟಿದೆ. ಈ ಸಲ ಬಾಲದ ವಿಸ್ತೀರ್ಣದ ಮುಂದೆ ಸಂಖ್ಯೆಯಿಲ್ಲ. ರೆಕ್ಕೆಯನ್ನು ಹಿಂಬಾಲಿಸುವ ಒಂದು ಸಾಲಿದೆ. ತೂಕ 450 ಗ್ರಾಂ ಆಯಿತು. ತಮ್ಮನ ಕೈಯಿಂದಲೇ ಬಿಡಿಸಿದೆ. ಮೂಗು ಒಮ್ಮೆ ಎದ್ದು, ತಾನಾಗಿ ಇಳಿದು, ಮತ್ತೆ ನೆಟ್ಟಗಾಗಿ, ವಿಮಾನ ಮೈದಾನದ ಆ ತುದಿಯ ಹುಣಸೆಮರದ ಬುಡದವರೆಗೆ ಹೋಗಿ ಹುಲ್ಲಿನ ಮೇಲೆ ಇಳಿಯಿತು. ಅವನು ಓಡಿಹೋಗಿ ಎತ್ತಿಕೊಂಡು ಬಂದು, “ಅಣ್ಣ, ಇದನ್ನೇ ಎರಡರಷ್ಟು ದೊಡ್ಡದು ಮಾಡೋಣ” ಎಂದ.

ಎಲ್ಲ ಅಳತೆಯನ್ನೂ ಎರಡು ಪಟ್ಟು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಗೆಲಿಲಿಯೋ 1638ರಲ್ಲಿಯೇ ಎಲುಬುಗಳ ವಿಷಯವಾಗಿ ಇದನ್ನು ವಿವರಿಸಿದ್ದಾನೆ. ನಾಲ್ಕು ಪಟ್ಟು ರೆಕ್ಕೆ ಎಂಟು ಪಟ್ಟು ಭಾರವನ್ನು ಹೊರಬೇಕಾದರೆ ವೇಗ ಹೆಚ್ಚಬೇಕು. ವೇಗ ಹೆಚ್ಚಿದರೆ ಕಡ್ಡಿ ತಡೆಯಬೇಕು. ಆ 6 ಮಿ.ಮೀ. ಇನ್ನು ಸ್ಥಿರವಾಗಿರುವಂತಿಲ್ಲ. ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೊದಲು ಬರೆದುಕೊಳ್ಳೋಣ” ಎಂದ. ಈಗ ನಾವಿಬ್ಬರೂ ಬರೆಯುತ್ತಿದ್ದೇವೆ. ಬರೆಯುವುದಕ್ಕೆ ಮನೆಯಲ್ಲಿ ಕಂಪ್ಯೂಟರು ಇಲ್ಲವೆಂಬುದನ್ನು ಮಾನ್ಯ ಪ್ರಾಂಶುಪಾಲರ ಗಮನಕ್ಕೆ ತಂದು ಈ ಲೇಖನವನ್ನು ಮುಗಿಸುತ್ತೇನೆ.